ಊರೆಲ್ಲ ಮಿಂದು ಕೊಂಡ ಗೀಸರು

ಒಂದು ಚಳಿಗಾಲದಲ್ಲಿ ನಾನು ನಮ್ಮ ಮನೆಯಲ್ಲಿ ಮಿಂದದ್ದಕ್ಕಿಂತ ಕಂಡವರ ಮನೆಯಲ್ಲಿ ಮಿಂದದ್ದೇ ಹೆಚ್ಚು. ಶಿರಸಿ ಪೇಟೆಯ ನಮ್ಮ ನೆಂಟರಲ್ಲಿ ಯಾರ ಬಚ್ಚಲ ಬಾಗಿಲಿಗೆ ಚಿಲಕ ಕೂರುವುದಿಲ್ಲ, ಯಾರು ಸೋಪು ಕರಗಿ ವೀಳ್ಯದೆಲೆಯಷ್ಟು ತೆಳ್ಳಗಾದರೂ ಬದಲಿಸುವುದಿಲ್ಲ, ಯಾರು ನೆಂಟರಿಗೆಂದೇ ಒಂದು ಹರಕು ಟವೆಲ್ಲು ಬೇರೆ ಇಟ್ಟಿದ್ದಾರೆ, ಎಲ್ಲ ನನಗೆ ಗೊತ್ತು. ಇದನ್ನು ತಿಳಿದುಕೊಳ್ಳಲೆಂದು ನಾನು ಹೋದವಳಲ್ಲ. ಹೋದದ್ದು ಗೀಸರು ನೋಡಲು. ಆದರೆ ಗೀಸರನ್ನು ಹೊರಗಿನಿಂದ ನೋಡಿದರೆ ಏನು ತಿಳಿಯುತ್ತದೆ? ಗೋಡೆಗೆ ಹೊಡೆದ ಒಂದು ಬಿಳಿ ಡಬ್ಬಿ. ಒಳಗಿನ ನೀರು ಮೈಮೇಲೆ ಬಿದ್ದರಷ್ಟೇ ಅದರ ಗುಣ ತಿಳಿಯುವುದು. ಹಾಗಾಗಿ ಮಿಂದೆ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಇದು ಅತಿಯೆನಿಸಬಹುದು. ನಮ್ಮಲ್ಲಿ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ ಮತ್ತು ನೀರು. ಅದು ಮುಗಿಯುತ್ತಲೇ 'ಮಿಂದ್ಕಂಡು ಬತ್ರಾ?' ಎಂಬ ಪ್ರಶ್ನೆ. ಹಳ್ಳಿಯಲ್ಲಿ ಈ ಮಾತಿಗೆ ಖರ್ಚಿಲ್ಲ. ಬಚ್ಚಲ ಒಲೆಯ ಮೇಲಿನ ಹಂಡೆಯಲ್ಲಿ ಹಗಲೆಲ್ಲ ನೀರು ಬಿಸಿ ಇರುತ್ತದೆ. ಬಂದವರು ಮಿಂದರೆ ಮಿಂದರು, ಬಿಟ್ಟರೆ ಬಿಟ್ಟರು. ಪೇಟೆಗೆ ಬಂದ ನಮ್ಮ ಜನ ಹಂಡೆಯನ್ನು ಅಲ್ಲೇ ಬಿಟ್ಟು ಮಾತನ್ನು ಮಾತ್ರ ಹೊತ್ತುಕೊಂಡು ಬಂದರು. ಈಗಲೂ ಕೇಳುತ್ತಾರೆ, ಆದರೆ ಯಾರೂ ಹೌದು ಎನ್ನುವುದಿಲ್ಲವೆಂಬ ಧೈರ್ಯದ ಮೇಲೆ ಕೇಳುತ್ತಾರೆ. ನಾನು ಹೌದು ಎಂದೆ. ಎಂದು, ಕೈಚೀಲದಿಂದ ಸೀರೆ, ಟವೆಲ್ಲು ಮತ್ತು ನನ್ನದೇ ತಾಮ್ರದ ಚೊಂಬು ತೆಗೆದೆ. ಆಗ ಎದುರಿಗಿದ್ದವರ ಮುಖ ನೋಡಬೇಕಿತ್ತು. ಚೊಂಬು ಯಾಕೆಂದರೆ, ಅಳತೆ ಎಲ್ಲ ಮನೆಯಲ್ಲೂ ಒಂದೇ ಇರಬೇಕಲ್ಲ.

ಇಷ್ಟಕ್ಕೆಲ್ಲ ಕಾರಣ ನನ್ನ ಮೊಮ್ಮಗಳು ಸುಮಾ. ಅವಳನ್ನು ಯಲ್ಲಾಪುರದ ಆಚೆ ನಂದೊಳ್ಳಿಗೆ ಕೊಟ್ಟಿದ್ದೆವು. ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ನಡೆದು ಬಂದದ್ದು. ಆದರೆ ತವರು ಎಂಬುದು ಆಗ ಸಿದ್ದಾಪುರ ಬದಿಯ ನಮ್ಮ ಹಳ್ಳಿಮನೆಯಾಗಿ ಉಳಿದಿರಲಿಲ್ಲ. ಹಿಸೆಯಾಗಿ, ಆ ಮನೆ ಮೈದುನನ ಪಾಲಿಗೆ ಹೋಗಿ, ನಾವು ಶಿರಸಿಯಲ್ಲಿ ಒಂದು ಸಣ್ಣ ಆರ್‌ಸಿಸಿ ಮನೆ ಕೊಂಡು ಬಂದಿದ್ದೆವು: ನಾನು, ಮಗ ಶ್ರೀಪಾದ, ಸೊಸೆ ಸಾವಿತ್ರಿ. ಸುಮಾ ಇವರಿಬ್ಬರ ಒಬ್ಬಳೇ ಮಗಳು. ಆ ಮನೆ ಕಟ್ಟಿಸಿದ ಪುಣ್ಯಾತ್ಮ ಬಚ್ಚಲನ್ನು ಅಡಿಗೆಮನೆಗೂ ಮಲಗುವ ಕೋಣೆಗೂ ನಡುವೆ ಸಿಕ್ಕಿಸಿದ್ದ. ಒಲೆಯಿಲ್ಲ, ಹೊಗೆ ಹೋಗಲು ದಾರಿಯಿಲ್ಲ. ನಾವು ಮೂವರೂ ಗ್ಯಾಸಿನ ಮೇಲೆ ಒಂದು ಪಾತ್ರೆ ನೀರು ಕಾಯಿಸಿ, ಬಕೆಟ್ಟಿನಲ್ಲಿ ಬೆರೆಸಿ, ಹೇಗೋ ಮೈ ಒದ್ದೆ ಮಾಡಿಕೊಳ್ಳುತ್ತಿದ್ದೆವು. ಒಂದು ಸಿಲಿಂಡರು ಮುಗಿದರೆ ಇನ್ನೊಂದು ಯಾವಾಗ ಬಂದೀತೆಂದು ದೇವರಿಗೂ ಗೊತ್ತಿಲ್ಲದ ಕಾಲ ಅದು.

ಬಾಣಂತಿಗೆ ಮೈ ಒದ್ದೆಯಾದರೆ ಸಾಲದು. ಎಣ್ಣೆ ತಿಕ್ಕಿ, ಕೈ ಸಹಿಸುವಷ್ಟು ಬಿಸಿ ನೀರನ್ನು ಚೊಂಬಿನಿಂದ ಎತ್ತರದಿಂದ ಸೊಂಟದ ಮೇಲೆ ಹೊಯ್ಯಬೇಕು, ನಡುವೆ ನಿಲ್ಲಿಸದೆ. ನಮ್ಮ ಕುಟುಂಬದಲ್ಲಿ ಈ ಕೆಲಸ ನನ್ನದು. ಎಷ್ಟು ಬಾಣಂತಿಯರನ್ನು ಮೀಯಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಓದು ಮೂರನೇ ಇಯತ್ತೆಗೆ ನಿಂತರೂ ಇದರಲ್ಲಿ ನಾನು ಹೆಡ್‌ಮಾಸ್ತರು.

ಹೀಗಿರುವಾಗ ಸುಮಾಳ ಅತ್ತೆ ಗಂಗಕ್ಕ ನಂದೊಳ್ಳಿಯಿಂದ ಫೋನು ಮಾಡಿದಳು. ಗಂಗಕ್ಕ ಕೆಟ್ಟವಳಲ್ಲ, ಸುತ್ತಿ ಬಳಸಿ ಮಾತಾಡುವವಳೂ ಅಲ್ಲ. ಅಷ್ಟರ ಮಟ್ಟಿಗೆ ನನ್ನ ಜಾತಿಯವಳೇ. ವಯಸ್ಸಿಗೆ ಕೊಟ್ಟ ಮರ್ಯಾದೆಯಿಂದ ನನ್ನನ್ನೂ ಅತ್ತೆ ಎನ್ನುತ್ತಾಳೆ.

"ಅತ್ತೆ, ನಿಂಗಳ ಮನೆಲಿ ಬಿಸ್ನೀರಿಗೆ ಎಂತ ವ್ಯವಸ್ಥೆ ಇದ್ದು?" ಎಂದು ನೇರ ಕೇಳಿದಳು.

"ಗ್ಯಾಸಿದ್ದು," ಎಂದೆ.

"ಗ್ಯಾಸಲ್ಲಿ ಬಾಣಂತನ ಮಾಡ್ತ್ರಾ? ಎಂಗಳ ಮನೆ ಹಂಡೆ ನೀರು ಇಡೀ ದಿನ ಆರ್ತಿಲ್ಲೆ. ಕೂಸು ಇಲ್ಲೇ ಇರ್ಲಿ, ಬೇಕಾರೆ ನಿಂಗ ಇಲ್ಲಿಗೇ ಬಂದು ಮೀಶಿ."

ಕೂಸು ಎಂದದ್ದು ಸುಮಾಳನ್ನೇ, ನಮ್ಮಲ್ಲಿ ಮನೆಯ ಹೆಣ್ಣುಮಗಳೂ ಕೂಸೇ. ಮಾತು ತಪ್ಪೆನ್ನುವಂತಿರಲಿಲ್ಲ. ಸರಿಯಾದ ಮಾತಿಗೆ ಉತ್ತರ ಹುಡುಕುವುದೇ ಕಷ್ಟ. ಅಷ್ಟರಲ್ಲಿ ಫೋನು ಸುಮಾಳ ಕೈಗೆ ಹೋಯಿತು. ನಮ್ಮಲ್ಲಿ ತಾಯಿಗೆ ಆಯಿ, ಅಜ್ಜಿಗೆ ಅಮ್ಮ. ಅವಳು ಸಣ್ಣ ದನಿಯಲ್ಲಿ, "ಅಮ್ಮಾ, ಎಂಗೆ ಅಲ್ಲಿಗೇ ಬರವು," ಎಂದಳು. ಬರಬೇಕು ಎಂದು. ಆ ದನಿಯ ಹಿಂದೆ ಮೂಗು ಎಳೆದದ್ದೂ ಕೇಳಿಸಿತು.

"ಅತ್ತರೆ ನೀರು ಬಿಸಿ ಆಗ್ತಿಲ್ಲೆ. ಫೋನಿಡು. ಆನು ನೋಡ್ತೆ," ಎಂದೆ, ನಾನು ನೋಡಿಕೊಳ್ಳುತ್ತೇನೆ ಎಂದು.

ಗಂಗಕ್ಕ ಒಂದು ವಾಯಿದೆ ಕೊಟ್ಟಳು. ಬಯಕೆಯೂಟ ಮುಗಿದ ಮೇಲೆ ಒಮ್ಮೆ ಶಿರಸಿಗೆ ಬಂದು ತಾನೇ ಕಣ್ಣಾರೆ ನೋಡುತ್ತಾಳಂತೆ. ಸರಿ ಕಂಡರೆ ಕೂಸು ತವರಿಗೆ, ಇಲ್ಲದಿದ್ದರೆ ನಂದೊಳ್ಳಿಯಲ್ಲೇ.

ಇಲ್ಲಿ ಹಂಡೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಹಳ್ಳಿಮನೆಯ ಹಂಡೆಯಲ್ಲಿ ಒಂದು ಕರು ಕೂರಬಹುದಿತ್ತು. ಅದಕ್ಕೊಂದು ಕಟ್ಟಳೆ ಇತ್ತು: ಯಾರು ಮಿಂದರೂ ತಾವು ತೆಗೆದಷ್ಟು ತಣ್ಣೀರು ಹಂಡೆಗೆ ತುಂಬಿಯೇ ಹೊರಗೆ ಬರಬೇಕು. ಗಂಡಸು, ಹೆಂಗಸು, ನೆಂಟರು, ಪುರೋಹಿತರು, ಯಾರಿಗೂ ವಿನಾಯಿತಿ ಇಲ್ಲ. ಹಾಗೆ ಮಾಡಿದರೆ ಮುಂದಿನವರು ಬರುವಷ್ಟರಲ್ಲಿ ನೀರು ಮತ್ತೆ ಬಿಸಿ. ಮಾಡದಿದ್ದರೆ ಹಂಡೆ ಬರಿದಾಗಿ ಬುಡ ಸುಡುತ್ತದೆ. ನನ್ನ ಅತ್ತೆ ಬಚ್ಚಲ ಗೋಡೆಯ ಆಚೆಯಿಂದಲೇ ಕೊಡದ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು. ಸದ್ದು ಕೇಳಿಸದಿದ್ದರೆ ಬಂದು ಬೆರಳ ಗಿಣ್ಣಿನಿಂದ ಹಂಡೆಗೆ ಬಡಿಯುತ್ತಿದ್ದಳು. ತುಂಬಿದ ಹಂಡೆ ಧಪ್ ಎನ್ನುತ್ತದೆ, ಬರಿದಾದದ್ದು ಗಂಟೆಯ ಹಾಗೆ ಮೊಳಗುತ್ತದೆ. ಮೊಳಗಿದರೆ, ಆಮೇಲೆ ಅವಳ ಬಾಯಿಯೂ ಮೊಳಗುತ್ತಿತ್ತು. ಹೊಸ ಮದುಮಗಳಾಗಿ ಬಂದ ನನಗೆ ಆ ಮನೆಯಲ್ಲಿ ಸಿಕ್ಕ ಮೊದಲ ಬುದ್ಧಿವಾದ ಗಂಡನ ಬಗ್ಗೆ ಅಲ್ಲ, ದೇವರ ಬಗ್ಗೆಯೂ ಅಲ್ಲ, ಹಂಡೆಯ ಬಗ್ಗೆ.

ಇರಲಿ. ಗೀಸರಿಗೆ ಬರೋಣ.

ಶ್ರೀಪಾದನಿಗೆ ಒಪ್ಪಿಸಿದರೆ ಆ ಸಂಜೆಯೇ ತರುತ್ತಿದ್ದ. ಡಬ್ಬಿಯ ಮೇಲಿನ ಚಿತ್ರದಲ್ಲಿ ಹೆಂಗಸು ನಗುತ್ತಿದ್ದರೆ ಅವನಿಗೆ ಸಾಕು, ಸಾಮಾನು ಒಳ್ಳೆಯದು. ನಮ್ಮ ಮಿಕ್ಸರ್ ಹಾಗೆಯೇ ಬಂದದ್ದು. ಅದು ಚಟ್ನಿ ರುಬ್ಬುವುದಕ್ಕಿಂತ ಕಿರುಚುವುದು ಹೆಚ್ಚು. ಹಾಗಾಗಿ ಅವನಿಗೆ ದುಡ್ಡಿನ ಮಿತಿ ಮಾತ್ರ ಕೇಳಿದೆ. ಅವನು ಹೇಳಿದ. ಹೇಳುವಾಗ ದನಿ ತಗ್ಗಿಸಿದ್ದರಿಂದ ಮಿತಿ ಸಣ್ಣದೆಂದು ತಿಳಿಯಿತು. ಬಿಸಿಲಿನಿಂದ ನೀರು ಕಾಯಿಸುವುದೂ ಬಂದಿದೆಯಂತೆ ಎಂದು ಸಾವಿತ್ರಿ ಅಂದಳು. ಅದರ ಬೆಲೆ ವಿಚಾರಿಸಿಕೊಂಡು ಬಂದವನು ಎರಡು ದಿನ ಆ ಮಾತೇ ಎತ್ತಲಿಲ್ಲ.

ಪೇಟೆಯಲ್ಲಿ ಖಾದರ್ ಸಾಬರ ಅಂಗಡಿ ಇತ್ತು. ಪಂಪು, ಫ್ಯಾನು, ಗೀಸರು ಮಾರುತ್ತಿದ್ದರು, ರಿಪೇರಿಯೂ ಇತ್ತು. ಬಿಳಿಗಡ್ಡದ, ತಾಳ್ಮೆಯ ಮನುಷ್ಯ.

"ಮನೇಲಿ ಎಷ್ಟು ಜನ ಅಮ್ಮಾ?" ಎಂದರು.

"ಈಗ ಮೂವರು. ಮುಂದೆ ಐದು."

"ಬರೋರು ಯಾರು?"

"ಒಬ್ಬಳು ಬಾಣಂತಿ. ಇನ್ನೊಬ್ಬರು ಯಾರು ಅಂತ ಇನ್ನೂ ಗೊತ್ತಿಲ್ಲ."

ಸಾಬರು ನಕ್ಕು ಮೂರು ತರದ್ದು ತೋರಿಸಿದರು. ಒಂದು, ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲು, ಸುರುಳಿ ಸುತ್ತಿದ ಕಬ್ಬಿಣದ ಹಾವಿನಂಥದು. ಎರಡು, ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುವ ಪುಟಾಣಿ ಗೀಸರು. ಮೂರು, ನೀರು ತುಂಬಿಟ್ಟುಕೊಂಡು ಕಾಯಿಸುವ ದೊಡ್ಡ ಗೀಸರು. ಅದರಲ್ಲೂ ಸಣ್ಣದು, ದೊಡ್ಡದು, ಇನ್ನೂ ದೊಡ್ಡದು. ಎಲ್ಲದರ ಬೆಲೆ ಕೇಳಿದೆ, ಎಲ್ಲದರ ಹೊಟ್ಟೆಗೂ ಬೆರಳ ಗಿಣ್ಣಿನಿಂದ ಬಡಿದು ನೋಡಿದೆ. ಎಲ್ಲವೂ ಬರಿದೆ, ಎಲ್ಲವೂ ಮೊಳಗಿದವು. ಸಾಬರಿಗೆ ನಾನು ಯಾಕೆ ಬಡಿಯುತ್ತೇನೆಂದು ತಿಳಿಯಲಿಲ್ಲ.

"ಅಮ್ಮಾ, ವ್ಯಾಪಾರಕ್ಕೆ ಬಂದಿದ್ದೀರೋ, ಪರೀಕ್ಷೆಗೋ?"

"ಪರೀಕ್ಷೆ ಮಾಡದೆ ವ್ಯಾಪಾರ ಮಾಡೋರು ನನ್ನ ಮಗನಂಥವರು. ನೋಡಿ ಬರ್ತೇನೆ," ಎಂದು ಎದ್ದೆ. ಶ್ರೀಪಾದ ಪಕ್ಕದಲ್ಲೇ ನಿಂತಿದ್ದ, ಪಾಪ.

ಮರುದಿನದಿಂದ ನನ್ನ ಸ್ನಾನಯಾತ್ರೆ ಶುರುವಾಯಿತು.

ಮೊದಲು ತಮ್ಮನ ಮಗನ ಮನೆ. ಅಲ್ಲಿ ಕಾಯಿಲು. ಅವನ ಹೆಂಡತಿ ಬಕೆಟ್ಟಿನಲ್ಲಿ ಅದನ್ನು ಇಳಿಬಿಟ್ಟು ಬಾಗಿಲಲ್ಲೇ ಕಾವಲು ನಿಂತಳು. "ಅತ್ತೆ, ಮುಟ್ಟಡಿ! ಸ್ವಿಚ್ಚು ತೆಗೆದ ಮೇಲೆ ಮುಟ್ಟಿ!" ಎಂದು ಅವಳು ಕೂಗಿದ ರೀತಿಗೆ ಚಳಿ ಅರ್ಧ ಅಲ್ಲೇ ಬಿಟ್ಟಿತು. ಸ್ವಿಚ್ಚು ತೆಗೆದು ಕೈ ಅದ್ದಿದೆ. ಮೇಲೆ ಸುಡುವ ನೀರು. ಕೈಯನ್ನು ತಳಕ್ಕೆ ಇಳಿಸಿದರೆ ಕಾಯಿಲು ಮುಟ್ಟದ ಜಾಗದಲ್ಲಿ ಬಾವಿಯ ತಣ್ಣೀರು ಹಾಗೇ ಕೂತಿದೆ! ಒಂದೇ ಬಕೆಟ್ಟಿನಲ್ಲಿ ಎರಡು ಋತು. ನನಗೆ ಇದು ಭಾರಿ ವಿಚಿತ್ರ ಕಂಡಿತು. ಸ್ನಾನ ಬಿಟ್ಟು ಬಹಳ ಹೊತ್ತು ಕೈಯನ್ನು ಮೇಲೆ ಕೆಳಗೆ ಆಡಿಸುತ್ತ ಕೂತೆ. ಹಂಡೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬೆಂಕಿ ಬುಡದಲ್ಲಿ. ಬುಡದ ನೀರು ಬಿಸಿಯಾಗಿ ಮೇಲೆದ್ದರೆ ಮೇಲಿನ ತಣ್ಣೀರು ಕೆಳಗಿಳಿದು ತನ್ನ ಸರದಿಗೆ ಕಾಯುತ್ತದೆ. ಅಂದರೆ ಬಿಸಿ ನೀರಿಗೆ ಯಾವಾಗಲೂ ಮೇಲೆ ಕೂರುವ ಚಟ, ತಣ್ಣೀರಿಗೆ ಕೆಳಗೆ. ಮದುವೆ ಮನೆಯ ಪಂಕ್ತಿಯಲ್ಲಿ ಮನುಷ್ಯರೂ ಹೀಗೆ ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತಾರೆ, ಯಾರೂ ತೋರಿಸುವುದು ಬೇಡ. ಅಂತೂ ಕಾಯಿಲು ಅಗ್ಗ, ಆದರೆ ಕೂಸಿರುವ ಮನೆಗೆ ಅದು ಬೇಡವೆಂದು ತೀರ್ಮಾನಿಸಿದೆ. ಒದ್ದೆ ಕೈಯೊಂದು ಮರೆತು ಮುಟ್ಟಿದರೆ ಮುಗಿಯಿತು.

ಎರಡನೆಯದು ಕಾಲೇಜಿನಲ್ಲಿ ಪಾಠ ಹೇಳುವ ನಮ್ಮ ದಾಯಾದಿಯ ಮನೆ. ಅಲ್ಲಿ ಪುಟಾಣಿ ಗೀಸರು. ನಲ್ಲಿ ತಿರುಗಿಸಿದೆ. ಬಿಸಿನೀರು ಬಂತು, ಸುಳ್ಳಲ್ಲ, ಆದರೆ ಜನಿವಾರದ ಎಳೆಯಷ್ಟು ಸಪೂರ. ಚೊಂಬು ತುಂಬುವುದರೊಳಗೆ ಮೈಮೇಲಿನ ಹಿಂದಿನ ಚೊಂಬು ಒಣಗಿತು. ಜೋರಾಗಲಿ ಎಂದು ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಜೋರಾಯಿತು, ತಣ್ಣಗೂ ಆಯಿತು. ಅಷ್ಟರಲ್ಲಿ ವೋಲ್ಟೇಜು ಬಿತ್ತು. ಬಲ್ಬು ಹಣ್ಣುಮೆಣಸಿನಕಾಯಿಯ ಬಣ್ಣಕ್ಕೆ ಬಂತು, ನೀರು ಮಳೆಗಾಲದ ಬಾವಿಯ ನೀರಾಯಿತು. ಬೆಳಗಿನ ಹೊತ್ತು ಇಡೀ ಶಿರಸಿ ಒಟ್ಟಿಗೆ ಮೀಯಲು ಕೂತರೆ ಕರೆಂಟಾದರೂ ಎಲ್ಲಿಂದ ಬರಬೇಕು? ಹೊರಗೆ ಬಂದಾಗ ಆ ಪ್ರೊಫೆಸರು ಬಹಳ ಅಭಿಮಾನದಿಂದ, "ಹೇಗಿದ್ದು ದೊಡ್ಡಮ್ಮಾ ಎಂಗಳ ಗೀಸರು?" ಎಂದು ಕೇಳಿದ.

"ಕಿವಿ ತೊಳೆಯಲಡ್ಡಿಲ್ಲೆ," ಎಂದೆ.

ಅವನ ಹೆಂಡತಿ ಅಡಿಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಆ ಗೀಸರನ್ನು ಆರಿಸಿದ್ದು ಅವಳಲ್ಲ ಎಂದು ಆ ನಗುವಿನಲ್ಲೇ ಗೊತ್ತಾಯಿತು.

ಮೂರನೆಯದು ಬ್ಯಾಂಕಿನಲ್ಲಿರುವ ನನ್ನ ತಂಗಿಯ ಅಳಿಯನ ಮನೆ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಗೀಸರು, ತಲೆಯ ಮೇಲೆ ಜರಡಿಯಂಥ ನಲ್ಲಿ. ಕೂತು ಮೀಯುವ ಅಭ್ಯಾಸದವಳು ನಾನು, ಅಲ್ಲಿ ನಿಂತೇ ಮೀಯಬೇಕು. ನಿಂತೆ. ನೀರು ತಲೆಯ ಮೇಲೆ ಬಿತ್ತು, ಬೆನ್ನಿನ ಮೇಲೆ ಬಿತ್ತು, ಗೋಡೆಯ ಮೇಲೆ ಬಿತ್ತು, ಬಾಗಿಲಿಗೆ ನೇತುಹಾಕಿದ ನನ್ನ ಒಣ ಸೀರೆಯ ಮೇಲೂ ಬಿತ್ತು. ನನ್ನ ಬಾಳಿನಲ್ಲಿ ಬಚ್ಚಲಿನೊಳಗೆ ಕೊಡೆ ಬೇಕೆನಿಸಿದ್ದು ಅದೊಂದೇ ಸಲ. ಇನ್ನೂ ಒಂದು ಸಂಗತಿ ಗಮನಿಸಿದೆ. ನನಗಿಂತ ಮುಂಚೆ ಮನೆಯ ಇಬ್ಬರು ಗಂಡುಮಕ್ಕಳು ಮಿಂದು ಹೋಗಿದ್ದರು. ದೊಡ್ಡ ಹೊಟ್ಟೆಯಲ್ಲವೇ, ಮತ್ತೆ ಬಿಸಿಯಾಗಲು ಅದಕ್ಕೆ ಮಧ್ಯಾಹ್ನದವರೆಗೆ ಬೇಕಾಯಿತು. ಕಾದು ಕಾದು, ನಡುವೆ ಅವರ ಮನೆಯಲ್ಲಿ ಊಟವನ್ನೂ ಮಾಡಿದೆ.

ಈ ಊಟದ ನಂತರ ನನ್ನ ಸುದ್ದಿ ಪೇಟೆಯಲ್ಲಿ ಹಬ್ಬಿತು. ಆಮೇಲೆ ಹೋದ ಮನೆಗಳಲ್ಲಿ ಬೆಲ್ಲ ನೀರು ಬಂತೇ ಹೊರತು ಪ್ರಶ್ನೆ ಬರಲಿಲ್ಲ. "ಅತ್ತೆ, ಎಂಗ ಪೇಟೆಲಿ ತಲೆ ಎತ್ತಿ ತಿರುಗವಾ ಬ್ಯಾಡ್ದಾ?" ಎಂದು ಸಾವಿತ್ರಿ ಗೊಣಗಿದಳು. ಮಗಳು ತವರಿಗೆ ಬರಬೇಕೋ ಬೇಡವೋ ಎಂದು ಕೇಳಿದೆ. ಮರುದಿನ ನನ್ನ ಕೈಚೀಲದಲ್ಲಿ ಒಗೆದ ಟವೆಲ್ಲು ಅವಳೇ ಮಡಿಸಿಟ್ಟಿದ್ದಳು.

ಆದರೆ ಅಷ್ಟರಲ್ಲಿ ನೋಡಬೇಕಾದದ್ದನ್ನು ನಾನು ನೋಡಿಯಾಗಿತ್ತು. ಉಳಿದದ್ದು ಒಂದು ಲೆಕ್ಕ. ಗ್ಯಾಸಿನ ಮೇಲೆ ನೀರು ಕುದಿಬರಿಸಿ, ಬಾಣಂತಿಯ ಹದಕ್ಕೆ ಬರಲು ಎಷ್ಟು ತಣ್ಣೀರು ಬೇಕೆಂದು ಚೊಂಬಿನಲ್ಲಿ ಅಳೆದು ಬೆರೆಸಿದೆ. ಹೆಚ್ಚೂ ಕಡಿಮೆ ಒಂದಕ್ಕೆ ಎರಡು ಬೇಕು. ನನಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಬಾಣಂತಿಯರ ಮೇಲೆ ಹಂಡೆಗಟ್ಟಲೆ ಬಿಸಿನೀರು ಹೊಯ್ದೆನೆಂದು ತಿಳಿದಿದ್ದೆ. ಹೊಯ್ದದ್ದರಲ್ಲಿ ಅರ್ಧಕ್ಕೂ ಹೆಚ್ಚು ತಣ್ಣೀರೇ. ಹಂಡೆ ದೊಡ್ಡದಾದ್ದರಿಂದ ನೀರೂ ಬಹಳ ಬೇಕೆಂಬ ಭ್ರಮೆ ನಮಗೆ. ಸಣ್ಣ ಗೀಸರಿನ ಒಂದು ಹೊಟ್ಟೆ ನೀರು ಸರಿಯಾಗಿ ಸುಡುವಂತಿದ್ದರೆ ಒಬ್ಬರ ಸ್ನಾನಕ್ಕೆ ಸಾಕು. ಸಣ್ಣದಾದ್ದರಿಂದ ಬೇಗ ಮತ್ತೆ ಕಾಯುತ್ತದೆ, ವೋಲ್ಟೇಜು ಬಿದ್ದರೂ ಹೇಗೋ ಏಗುತ್ತದೆ. ಕೂಸಿಗೆ ಮೊದಲು ಮೀಯಿಸಿ, ಹಾಲು ಕುಡಿಸಿ ಮಲಗಿಸುವುದರೊಳಗೆ ತಾಯಿಗೆ ನೀರು ತಯಾರು. ದೊಡ್ಡದು ಕೊಂಡು ಕಾಯುತ್ತ ಕೂರುವುದು ಬ್ಯಾಂಕಿನವರಿಗೆ ಸರಿ.

ಖಾದರ್ ಸಾಬರ ಅಂಗಡಿಗೆ ಹೋಗಿ, ತುಂಬಿಟ್ಟುಕೊಳ್ಳುವ ಗೀಸರಿನಲ್ಲಿ ಅತಿ ಸಣ್ಣದು ಕೊಡಿ ಎಂದೆ. ಶ್ರೀಪಾದನ ಮಿತಿಗೂ ಅದು ಹೊಂದಿತು. ಆದರೂ ನನ್ನ ತಲೆಯಲ್ಲೊಂದು ಹುಳ ಕೊರೆಯುತ್ತಿತ್ತು. ಹಂಡೆಗೆ ನಾವು ತುಂಬುತ್ತೇವೆ. ಇದಕ್ಕೆ ತುಂಬುವವರು ಯಾರು? ಡಬ್ಬಿಗೆ ಬಾಯಿಯೇ ಇಲ್ಲ. ಬುಡದಲ್ಲಿ ಎರಡು ಕೊಳವೆ, ಒಂದಕ್ಕೆ ನೀಲಿ ಗುರುತು, ಒಂದಕ್ಕೆ ಕೆಂಪು.

ಸಾಬರು ಮೂಲೆಯಲ್ಲಿ ಗುಜರಿಗೆಂದು ಬಿಸಾಡಿದ್ದ ಒಂದು ಹಳೆಯ ಗೀಸರಿನ ತೊಟ್ಟಿಯನ್ನು ಎಳೆದು ತಂದು ತೋರಿಸಿದರು. ತುಕ್ಕು ಹಿಡಿದು ಪಕ್ಕೆ ಒಡೆದಿತ್ತು, ಒಳಗೆಲ್ಲ ಕಾಣುತ್ತಿತ್ತು. ನೀಲಿ ಕೊಳವೆ ಬುಡದಲ್ಲೇ ನಿಂತಿದೆ, ಕೆಂಪು ಕೊಳವೆ ಒಳಗೊಳಗೇ ನೆತ್ತಿಯವರೆಗೆ ಹೋಗಿದೆ. ಮಾಳಿಗೆಯ ಟ್ಯಾಂಕಿನ ತಣ್ಣೀರು ನೀಲಿಯಿಂದ ಬಂದು ಬುಡದಲ್ಲಿ ಸೇರಿ, ಮೇಲೆ ಕೂತ ಬಿಸಿನೀರನ್ನು ದೂಡುತ್ತದೆ. ದೂಡಿಸಿಕೊಂಡದ್ದು ಕೆಂಪಿನಿಂದ ನಲ್ಲಿಗೆ ಬರುತ್ತದೆ.

"ಹಾಗಾದರೆ ತಣ್ಣೀರು ಒಳಗೆ ಹೋಗದೆ ಬಿಸಿನೀರು ಹೊರಗೆ ಬರುವುದೇ ಇಲ್ಲವೇ?"

"ಒಂದು ಹನಿಯೂ ಇಲ್ಲ ಅಮ್ಮಾ."

ನನಗೆ ಮೈ ಜುಮ್ಮೆಂದಿತು. ನನ್ನ ಅತ್ತೆ ಬಾಯಿ ಹರಿಯುವಂತೆ ಕೂಗಿ ಕೂಗಿ ಕಲಿಸಿದ ಕಟ್ಟಳೆಯನ್ನು ಈ ತಗಡಿನ ಡಬ್ಬಿ ಸದ್ದಿಲ್ಲದೆ ತಾನೇ ಪಾಲಿಸುತ್ತಿದೆ! ತುಂಬದೆ ತೆಗೆಯುವ ಹಾಗೇ ಇಲ್ಲ. ಇದನ್ನು ಮಾಡಿದವನ ಮನೆಯಲ್ಲೂ ನಮ್ಮ ಅತ್ತೆಯಂಥವಳೊಬ್ಬಳು ಇದ್ದಿರಬೇಕು ಎಂದುಕೊಂಡೆ.

ಗೀಸರು ಬಂತು, ಗೋಡೆಗೆ ಏರಿತು, ಕೆಂಪು ದೀಪ ಹತ್ತಿತು. ನಾವು ಮೂವರೂ ಕುಣಿಯುವುದೊಂದು ಬಾಕಿ. ಗಂಗಕ್ಕನಿಗೆ ಫೋನು ಮಾಡಿ, ನೋಡಲು ಬಾ ಎಂದೆ. ಯಾವ ದಿನವೆಂದೂ ಗೊತ್ತಾಯಿತು.

ಆ ದಿನ ಬೆಳಿಗ್ಗೆ ಅವಳ ಬಸ್ಸು ಬರುವುದಕ್ಕಿಂತ ಮುಂಚೆ ನಾವೆಲ್ಲ ಮಿಂದು ಮುಗಿಸಿದೆವು, ಬಚ್ಚಲು ಅವಳಿಗೆ ಖಾಲಿ ಇರಲೆಂದು. ಸಾವಿತ್ರಿ ಬಚ್ಚಲನ್ನೂ ಅಂಗಳವನ್ನೂ ತಿಕ್ಕಿ ತೊಳೆದಳು. ಶ್ರೀಪಾದ, ಕೇಳದಿದ್ದರೂ, ಸ್ಕೂಟರು ತೊಳೆದ. ಗೀಸರು ಹಾಕಿಟ್ಟೆವು. ನೀರು ಕಾದು ದೀಪ ಆರಿತು. ಗಂಗಕ್ಕ ಸುಮಾಳನ್ನೂ ಕರೆದುಕೊಂಡು ಬಂದಿಳಿದಳು. ಬೆಲ್ಲ ನೀರು ಕೊಟ್ಟೆ. ಕೊಟ್ಟು, ಬಾಳಿನಲ್ಲಿ ಎಂದೂ ಕೇಳದಷ್ಟು ಗತ್ತಿನಿಂದ, "ಮಿಂದ್ಕಂಡು ಬತ್ಯಾ?" ಎಂದು ಕೇಳಿದೆ.

"ಅದಕ್ಕೇಯ ಬಂದದ್ದು," ಎಂದಳು ಗಂಗಕ್ಕ. ಅವಳ ಕೈಚೀಲದಲ್ಲೂ ಒಂದು ಚೊಂಬು ಇತ್ತು. ನನಗೆ ಅವಳ ಮೇಲೆ ಗೌರವ ಬಂದದ್ದು ಆಗಲೇ.

ಬಚ್ಚಲ ಬಾಗಿಲು ಹಾಕಿಕೊಂಡಿತು. ನಾವು ನಾಲ್ವರೂ ಹೊರಗೆ ಕಿವಿ ಕೊಟ್ಟು ಕೂತೆವು, ನನ್ನ ಅತ್ತೆ ಕೂರುತ್ತಿದ್ದ ಹಾಗೆ. ನೀರು ಬೀಳುವ ಸದ್ದು ಚೆನ್ನಾಗಿ ಬಂತು. ಸುಮಾ ನನ್ನ ಕೈ ಹಿಡಿದುಕೊಂಡಿದ್ದಳು. ಆಮೇಲೆ ಸದ್ದು ಸಣ್ಣದಾಯಿತು. ಆಮೇಲೆ ನಿಂತಿತು. ಸೋಪು ಹಚ್ಚುತ್ತಿರಬೇಕು ಎಂದುಕೊಂಡೆವು. ನಲ್ಲಿ ಕೊಸ್ಸ್ ಎಂದಿತು.

"ಅತ್ತೇ! ನೀರು ಬತ್ತಾ ಇಲ್ಲೆ!"

"ಕೆಂಪು ನಲ್ಲಿ ತಿರಗ್ಸಿದ್ಯಾ?"

"ಕೆಂಪೂ ತಿರಗ್ಸಿದೆ, ನೀಲೀನೂ ತಿರಗ್ಸಿದೆ! ಮೈಯೆಲ್ಲ ಸೋಪು, ಕಣ್ಣು ಉರಿತಾ ಇದ್ದು! ಇದೇಯ ನಿಂಗಳ ವ್ಯವಸ್ಥೆ?"

ಸುಮಾಳ ಮುಖ ಇಳಿಯಿತು. ಸಾವಿತ್ರಿ ಗೀಸರಿನ ಸ್ವಿಚ್ಚು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ದೀಪವೇ ಹತ್ತಲಿಲ್ಲ. ಕರೆಂಟು ಹೋಗಿ ಎಷ್ಟು ಹೊತ್ತಾಗಿತ್ತೋ, ಹಗಲಲ್ಲಿ ಯಾರು ಗಮನಿಸುತ್ತಾರೆ? "ಕರೆಂಟು ಹೋಯ್ದು, ಗೀಸರು ಕೆಟ್ಟತ್ತು, ಕೂಸು ಇನ್ನು ಬಂದಾಂಗೇ," ಎಂದು ಮೂರೂ ಸುದ್ದಿಯನ್ನು ಶ್ರೀಪಾದ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ನನ್ನ ಕಣ್ಣಿಗೆ ಆಗ ಬಂದದ್ದು ಸಾಬರ ಅಂಗಡಿಯ ಒಡಕು ತೊಟ್ಟಿ. ನೀಲಿ ಕೊಳವೆ, ಕೆಂಪು ಕೊಳವೆ. ಗೀಸರು ಕೆಟ್ಟಿಲ್ಲ. ಅದರ ಹೊಟ್ಟೆ ತುಂಬ ಬಿಸಿನೀರು ಈಗಲೂ ಇದೆ. ದೂಡಲು ತಣ್ಣೀರಿಲ್ಲ, ಅಷ್ಟೆ. ನಾವು ಮೂವರೂ ಮಿಂದು, ಬಚ್ಚಲು ತೊಳೆದು, ಅಂಗಳ ತೊಳೆದು, ಸ್ಕೂಟರನ್ನೂ ತೊಳೆದು ಮಾಳಿಗೆಯ ಟ್ಯಾಂಕನ್ನು ಬರಿದು ಮಾಡಿದ್ದೆವು. ಬಾವಿಯ ಪಂಪು ಹಾಕಿ ಅದನ್ನು ತುಂಬಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ, ಈಗ ಹಾಕೋಣವೆಂದರೆ ಕರೆಂಟಿಲ್ಲ. ಗೀಸರು ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆಂದು ಗೊತ್ತಾದ ದಿನದಿಂದ, ತುಂಬುವುದು ನಮ್ಮ ಕೆಲಸ ಎಂಬುದನ್ನೇ ಬಿಟ್ಟುಬಿಟ್ಟಿದ್ದೆವು. ಹಂಡೆಯ ಕಟ್ಟಳೆಯನ್ನು ಊರಿಗೆಲ್ಲ ಹೇಳುತ್ತ ತಿರುಗಿದ ನಾನು ಎಲ್ಲರಿಗಿಂತ ಮುಂದೆ.

"ಸ್ವಿಚ್ಚು ಬಿಡು. ಬಾವಿಗೆ ಹೋಗು," ಎಂದೆ ಸಾವಿತ್ರಿಗೆ. "ಶ್ರೀಪಾದಾ, ಕೊಡ ಹೊತ್ತು ಮಾಳಿಗೆ ಹತ್ತು. ಟ್ಯಾಂಕಿಗೆ ಹೊಯ್ಯಿ."

"ತಣ್ಣೀರು ಹೊಯ್ದ್ರೆ ಬಿಸ್ನೀರು ಹೆಂಗೆ ಬತ್ತು ಆಯೀ?"

"ಹೊಯ್ದು ನೋಡು, ಆಮೇಲೆ ಹೇಳ್ತೆ!"

ಸಾವಿತ್ರಿ ಬಾವಿಯಿಂದ ಸೇದಿದಳು, ನಾನು ಮೆಟ್ಟಿಲ ಬುಡದವರೆಗೆ ತಂದೆ, ಶ್ರೀಪಾದ ಹೊತ್ತು ಮೇಲೆ ಹತ್ತಿದ. ಏಳಲು ಹೊರಟ ಬಸುರಿ ಸುಮಾಳನ್ನು ಗದರಿ ಕೂರಿಸಿ, ಬಚ್ಚಲ ಬಾಗಿಲಲ್ಲೇ ಕೂತು ಅತ್ತೆಗೆ ಸುದ್ದಿ ಹೇಳುವ ಕೆಲಸ ಕೊಟ್ಟೆ. "ಅತ್ತೆ, ಅಪ್ಪಯ್ಯ ಹತ್ತತಾ ಇದ್ದ... ಅತ್ತೆ, ಈಗ ಇಳಿತಾ ಇದ್ದ... ಅತ್ತೆ, ಅಮ್ಮ ಬೈತಾ ಇದ್ದು..." ಎಂದು ಅವಳು ಆಕಾಶವಾಣಿಯಂತೆ ಬಿತ್ತರಿಸುತ್ತಿದ್ದಳು. ಒಳಗಿನಿಂದ ಮೊದಲು ಗಂಗಕ್ಕನ ಬೈಗುಳ ಬರುತ್ತಿತ್ತು, ಆಮೇಲೆ ಅದು ನಿಂತಿತು. ಆಮೇಲೆ ನಗುವಿನಂಥದೇನೋ ಕೇಳಿಸಿತು. ಕೊನೆಗೆ ನಲ್ಲಿ ಎರಡು ಸಲ ಕೆಮ್ಮಿ, ಒಳಗೆ ಧೋ ಎಂದು ಬಿತ್ತು.

"ಬಂತು! ಅಯ್ಯೋ, ಸುಡ್ತು!"

ಆ ಸುಡುತ್ತದೆ ಎಂಬ ಮಾತಿನಷ್ಟು ಸಿಹಿಯಾದದ್ದನ್ನು ನಾನು ಆ ವರ್ಷ ಇನ್ನೊಂದು ಕೇಳಲಿಲ್ಲ.

ಗಂಗಕ್ಕ ಕೆಂಪಗೆ ಬೆಂದ ಹಾಗಾಗಿ ಹೊರಗೆ ಬಂದಳು. ತಲೆ ಒರೆಸಿಕೊಳ್ಳುತ್ತ, ಅಂಗಳದಲ್ಲಿ ಏದುಸಿರು ಬಿಡುತ್ತ ಕೂತ ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದಳು. ಶ್ರೀಪಾದನ ಅಂಗಿ ತೊಯ್ದು ಮೈಗೆ ಅಂಟಿತ್ತು. ಸಾವಿತ್ರಿಯ ಅಂಗೈ ಹಗ್ಗ ಉಜ್ಜಿ ಕೆಂಪಾಗಿತ್ತು. ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಏಳಲು ಸೊಂಟ ಬಿಡಲಿಲ್ಲ.

"ಗೀಸರು ನೋಡ್ದೆ," ಎಂದಳು. "ಎಂಗಳ ಹಂಡೆ ಎದುರಿಗೆ ಇದು ಎಂತದೂ ಅಲ್ಲ."

ಸುಮಾ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯುವುದರಲ್ಲಿದ್ದೆ.

"ಆದ್ರೆ ಅತ್ತೆ, ಆ ಹಂಡೆಗೆ ನೀರು ಹೊರದು ಆನು, ಬೆಂಕಿ ಮಾಡದೂ ಆನು. ನಾಳೆ ಕೂಸು ಬಚ್ಚಲಲ್ಲಿ ಕುಂತು ಕೂಗಿದ್ರೆ ಓಡಿ ಬಪ್ಪಲೆ ಆನೊಂದೇಯ. ಇಲ್ಲಿ ಆನು ಒಂದು ಕೂಗು ಹಾಕಿದ್ದಕ್ಕೆ ಮನೆಗೆ ಮನೆಯೇ ಮಾಳಿಗೆ ಹತ್ತಿ ಕುಂತತ್ತು." ಟವೆಲ್ಲು ಕೊಡವಿದಳು. "ಕೂಸು ಇಲ್ಲಿಗೇ ಬರ್ಲಿ. ಟ್ಯಾಂಕು ಮಾತ್ರ ತುಂಬ್ಸಿಡಿ."

ನಾನು ಪೇಟೆಯ ಬಚ್ಚಲುಗಳನ್ನೆಲ್ಲ ಅಲೆದು, ಚೊಂಬಿನಲ್ಲಿ ಅಳೆದು, ಬಿಸಿ ಯಾಕೆ ಮೇಲೆ ಕೂರುತ್ತದೆ, ತಣ್ಣಗಿನದು ಯಾಕೆ ಕೆಳಗೆ ಎಂದು ತಲೆ ಕೆಡಿಸಿಕೊಂಡು ಆರಿಸಿ ತಂದ ಗೀಸರಿಗೆ ಗಂಗಕ್ಕ ಪಾಸು ಮಾರ್ಕೂ ಕೊಡಲಿಲ್ಲ. ಅವಳು ಅಳೆದದ್ದೇ ಬೇರೆ, ಅದು ನನ್ನ ಚೊಂಬಿನಲ್ಲಿ ಹಿಡಿಯುವಂಥದಲ್ಲ. ಸ್ವಲ್ಪ ಬೇಜಾರಾಯಿತು ಎಂದರೆ ಸುಳ್ಳಲ್ಲ. ಒಂದು ಮಾತಾದರೂ ಗೀಸರಿನ ಬಗ್ಗೆ ಒಳ್ಳೆಯದು ಹೇಳಬಹುದಿತ್ತು.

ಸುಮಾ ಬಂದಳು. ಹೆಣ್ಣು ಕೂಸು ಹುಟ್ಟಿತು. ಮೊದಲು ಕೂಸು, ಆಮೇಲೆ ತಾಯಿ ಎಂದು ನಾನು ಲೆಕ್ಕ ಹಾಕಿದಂತೆಯೇ ಗೀಸರು ನಡೆದುಕೊಂಡಿತು. ಕರೆಂಟು ಕೈಕೊಟ್ಟ ದಿನ ಗ್ಯಾಸು, ಗ್ಯಾಸೂ ಇಲ್ಲದ ದಿನ ಅಂಗಳದಲ್ಲಿ ಮೂರು ಕಲ್ಲು. ಒಟ್ಟಿನಲ್ಲಿ ಕೂಸಿನ ಸ್ನಾನ ಒಂದು ದಿನವೂ ತಪ್ಪಲಿಲ್ಲ.

ಈಗಲೂ ಮಿಂದು ಮುಗಿದ ಕೂಡಲೇ ನನ್ನ ಕೈ ತಣ್ಣೀರ ಕೊಡ ಹುಡುಕುತ್ತದೆ. ಕೊಡ ಇಲ್ಲ, ತುಂಬಲು ಹಂಡೆಯೂ ಇಲ್ಲ. ಒದ್ದೆ ತಲೆಯಲ್ಲೇ ಹೊರಗೆ ಬಂದು, ಕೈ ಒರೆಸಿಕೊಂಡು ಪಂಪಿನ ಸ್ವಿಚ್ಚು ಹಾಕುತ್ತೇನೆ. ಸ್ವಲ್ಪ ಹೊತ್ತಿಗೆ ಸಾವಿತ್ರಿ ಅಡಿಗೆಮನೆಯಿಂದ ಕೂಗುತ್ತಾಳೆ, "ಅತ್ತೆ, ಟ್ಯಾಂಕು ತುಂಬಿ ಚೆಲ್ತಾ ಇದ್ದು!"

ಚೆಲ್ಲಲಿ ಬಿಡು. ಮುಂದೆ ಒಳಗೆ ಹೋಗುವವರು ಯಾರೋ, ಯಾವಾಗ ಸೋಪು ಹಚ್ಚಿಕೊಳ್ಳುತ್ತಾರೋ.